ಸಾಠ್ ಕಬರ್‌ಗೆ ಹೋಗುವವರಿಗೆ: ವಿಜಯಪುರದ ಅರವತ್ತು ಗೋರಿಗಳ ದಾರಿ, ಹೊತ್ತು, ರೀತಿ

ವಿಜಯಪುರಕ್ಕೆ ಬಂದ ನೆಂಟರು ಗೋಳಗುಮ್ಮಟ ಹತ್ತಿ ಇಳಿದು, ಇಬ್ರಾಹಿಂ ರೋಜಾ ನೋಡಿ ಮುಗಿಸಿದ ಮೇಲೆ, ರಾತ್ರಿ ಊಟಕ್ಕೆ ಕೂತಾಗ ಒಬ್ಬರಾದರೂ ದನಿ ತಗ್ಗಿಸಿ ಕೇಳುತ್ತಾರೆ: "ಆ ಹೆಂಡಂದಿರ ಗೋರಿ ಎಲ್ಲಿ ಅದಾವ್ರಿ? ರಾತ್ರಿ ಅಲ್ಲಿ ಅಳೂ ದನಿ ಕೇಳತದಂತ, ಖರೇ ಏನು?" ಕೇಳಿದವರು ಮರುದಿನ ಹೋಗುತ್ತಾರೆ. ಬಿಸಿಲಲ್ಲಿ ಹತ್ತು ನಿಮಿಷ ನಿಂತು, ನಾಲ್ಕು ಫೋಟೋ ತೆಗೆದು, "ಏನೂ ಇಲ್ಲ ಅಲ್ಲಿ" ಎಂದು ವಾಪಸು ಬರುತ್ತಾರೆ. ನಾನೂ ಮೊದಲ ಸಲ ಹಾಗೇ ಬಂದೆ. ಆಮೇಲೆ ಹಲವು ಸಲ ಹೋಗಿದ್ದೇನೆ, ಮನೆಗೆ ಬಂದವರನ್ನು ಕರೆದುಕೊಂಡು ಹೋಗಿದ್ದೇನೆ. ಆ ಜಾಗಕ್ಕೆ ಹೇಗೆ ಹೋಗಬೇಕು ಎಂಬುದನ್ನು ನಾನು ಕಲಿತಷ್ಟು ಇಲ್ಲಿ ಬರೆದಿದ್ದೇನೆ.

ಮೊದಲು ಕತೆ

ಕತೆ ಗೊತ್ತಿಲ್ಲದೆ ಹೋದರೆ ಅಲ್ಲಿ ಕಾಣುವುದು ಬರೀ ಕರಿಕಲ್ಲು. ಹೊರಡುವ ಹಿಂದಿನ ರಾತ್ರಿಯೇ ಇಷ್ಟನ್ನು ತಿಳಿದುಕೊಳ್ಳಿ.

ಅಫ್ಜಲ್ ಖಾನ್ ಆದಿಲ್‌ಶಾಹಿ ದರಬಾರಿನ ದೊಡ್ಡ ಸರದಾರ. 1659ರಲ್ಲಿ ಎರಡನೇ ಅಲಿ ಆದಿಲ್‌ಶಾಹನ ಆಳ್ವಿಕೆಯಲ್ಲಿ ಶಿವಾಜಿ ಮಹಾರಾಜರ ಮೇಲೆ ದಂಡೆತ್ತಿ ಹೋದ. ಆ ವರ್ಷದ ನವೆಂಬರ್ 10ರಂದು ಪ್ರತಾಪಗಡದ ಬುಡದಲ್ಲಿ ಸತ್ತ. ಅವನ ಗೋರಿಯೂ ಅಲ್ಲೇ ಇದೆ. ಇಷ್ಟು ಇತಿಹಾಸ.

ಇನ್ನು ಊರು ಹೇಳುವ ಕತೆ. ಹೊರಡುವ ಮುನ್ನ ಜ್ಯೋತಿಷಿಯೊಬ್ಬ "ನೀನು ತಿರುಗಿ ಬರುವುದಿಲ್ಲ" ಎಂದನಂತೆ. ತಾನು ಸತ್ತ ಮೇಲೆ ತನ್ನ ಹೆಂಡಂದಿರು ಬೇರೆಯವರ ಪಾಲಾಗಬಾರದು ಎಂದು ಖಾನ್ ಅವರನ್ನೆಲ್ಲ ಒಬ್ಬೊಬ್ಬರಾಗಿ ಬಾವಿಗೆ ನೂಕಿಸಿ ಕೊಲ್ಲಿಸಿದನಂತೆ. ಓಡಿಹೋಗಲು ನೋಡಿದವರನ್ನು ಹಿಡಿದು ತಂದರು ಎಂದು ಕೆಲವರು ಸೇರಿಸುತ್ತಾರೆ. ಒಬ್ಬಾಕೆ ಮಾತ್ರ ತಪ್ಪಿಸಿಕೊಂಡಳು, ಅದಕ್ಕೇ ಒಂದು ಗುಂಡಿ ಖಾಲಿ ಉಳಿಯಿತು ಎಂದು ಇನ್ನು ಕೆಲವರು ಹೇಳುತ್ತಾರೆ.

ಕತೆ ಯಾವುದು, ಇತಿಹಾಸ ಯಾವುದು ಎಂಬ ಗೆರೆಯನ್ನು ಮನಸ್ಸಿನಲ್ಲಿ ಎಳೆದುಕೊಂಡೇ ಹೋಗಿ. ಗೆರೆ ಎಳೆದ ಮಾತ್ರಕ್ಕೆ ಕತೆ ಹಗುರಾಗುವುದಿಲ್ಲ. ಇಷ್ಟು ತಲೆಮಾರು ಒಂದು ಊರು ಒಂದು ಬಾವಿಯ ಕಡೆ ಬೆರಳು ತೋರಿಸುತ್ತ ಬಂದಿದೆ ಎಂದರೆ ಆ ಬೆರಳು ತೋರಿಸುವ ಕಡೆ ಒಮ್ಮೆ ನೋಡಬೇಕು.

ಹೆಸರು ಸರಿಯಾಗಿ ಕೇಳಿ

ಉರ್ದುವಿನಲ್ಲಿ ಸಾಠ್ ಎಂದರೆ ಅರವತ್ತು, ಸಾತ್ ಎಂದರೆ ಏಳು. ನಮ್ಮ ಬಾಯಲ್ಲಿ ಎರಡೂ ಒಂದೇ ಆಗಿ "ಸಾಟ ಕಬರ" ಎಂದಾಗಿದೆ. ಹೊರಗಿನಿಂದ ಬಂದವರು ಏಳೇ ಗೋರಿ ಎಂದುಕೊಂಡು ಬರುತ್ತಾರೆ. ಸಾಲುಗಳು ಏಳೇ ಇರುವುದರಿಂದ ಗೊಂದಲ ಇನ್ನೂ ಹೆಚ್ಚು.

ಇದಕ್ಕಿಂತ ದೊಡ್ಡ ಗೊಂದಲ ಮೊಬೈಲಿನ ನಕ್ಷೆಯಲ್ಲಾಗುತ್ತದೆ. ಈ ಗೋರಿಗಳಿರುವ ಭಾಗಕ್ಕೆ ಅಫ್ಜಲಪುರ ಟಕ್ಕೆ ಎನ್ನುತ್ತಾರೆ. ನೀವು ಬರೀ "ಅಫ್ಜಲಪುರ" ಎಂದು ಹುಡುಕಿದರೆ ನಕ್ಷೆ ನಿಮ್ಮನ್ನು ಕಲಬುರಗಿ ಜಿಲ್ಲೆಯ ತಾಲೂಕು ಕೇಂದ್ರಕ್ಕೆ ಕಳಿಸುತ್ತದೆ. ಅದು ಬೇರೆ ಊರು, ಬೇರೆ ದಿಕ್ಕು. "ಸಾಠ್ ಕಬರ್, ವಿಜಯಪುರ" ಎಂದೇ ಹುಡುಕಿ.

ದಾರಿ

ಗೋಳಗುಮ್ಮಟವೂ ರೈಲ್ವೆ ಸ್ಟೇಷನ್ನೂ ಊರಿನ ಪೂರ್ವಕ್ಕೆ ಇವೆ. ಗೋರಿಗಳು ಪಶ್ಚಿಮಕ್ಕೆ, ಊರ ನಡುವಿನಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿವೆ. ಅಂದರೆ ಇಡೀ ಊರನ್ನು ದಾಟಿ, ಹಳೇ ಕೋಟೆ ಗೋಡೆಯಿಂದಲೂ ಹೊರಗೆ ಹೋಗಬೇಕು.

ಸ್ವಂತ ಗಾಡಿ ಇಲ್ಲದಿದ್ದರೆ ಆಟೋ ಒಳ್ಳೆಯದು. ಆದರೆ ಹೋಗಿ ಬರುವುದಕ್ಕೆ, ಅಲ್ಲಿ ಎರಡು ತಾಸು ಕಾಯುವುದಕ್ಕೆ ಸೇರಿಸಿ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ. ಒಮ್ಮೆ ನಾನು ಹೋಗುವುದಕ್ಕಷ್ಟೇ ಮಾತಾಡಿ ಇಳಿದೆ. ವಾಪಸು ಬರಲು ಹೊಲದ ದಾರಿಯಲ್ಲಿ ಮುಖ್ಯ ರಸ್ತೆಯವರೆಗೆ ಬಿಸಿಲಲ್ಲಿ ನಡೆಯಬೇಕಾಯಿತು. ಜೊತೆಗೆ ನಮ್ಮ ಅತ್ತೆ ಇದ್ದರು, ಅವರಿಗೆ ಮೊಣಕಾಲು ನೋವು. ಆ ದಿನವನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ.

ಕೊನೆಯ ತುಂಡು ದಾರಿ ಹೊಲಗಳ ನಡುವೆ ಹೋಗುತ್ತದೆ. ಮಳೆ ಬಿದ್ದರೆ ನಮ್ಮ ಎರೆ ಮಣ್ಣು ಚಕ್ರವನ್ನೂ ಚಪ್ಪಲಿಯನ್ನೂ ಬಿಡುವುದಿಲ್ಲ. ಗಾಡಿಯನ್ನು ದೂರದಲ್ಲೇ ನಿಲ್ಲಿಸಿ ನಡೆಯಿರಿ. ಹೊಲದಲ್ಲಿ ಯಾರಾದರೂ ಕಂಡರೆ ಮಾತಾಡಿಸಿ, ದಾರಿ ಕೇಳಿ, ಬೆಳೆ ತುಳಿಯದೆ ಹೋಗಿ. ನೀವು ಅಲ್ಲಿದ್ದೀರಿ ಎಂದು ಒಬ್ಬರಿಗಾದರೂ ಗೊತ್ತಿದ್ದರೆ ಒಳ್ಳೆಯದು.

ಯಾವ ಹೊತ್ತಿಗೆ

ನವೆಂಬರ್‌ನಿಂದ ಫೆಬ್ರವರಿಯವರೆಗಿನ ಬೆಳಗು. ಸೂರ್ಯ ಹುಟ್ಟಿದ ಅರ್ಧ ತಾಸಿಗೆ ಅಲ್ಲಿರುವಂತೆ ಹೊರಡಿ. ಮಾರ್ಚ್ ದಾಟಿದರೆ ಹತ್ತು ಗಂಟೆಗೇ ಆ ಕರಿಕಲ್ಲು ಕಾದ ಹಂಚಿನಂತಾಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ವಿಜಯಪುರದಲ್ಲಿ 40 ಡಿಗ್ರಿ ದಾಟುವುದು ಮಾಮೂಲು.

ಬೆಳಗು ಎಂದು ಒತ್ತಿ ಹೇಳುವುದಕ್ಕೆ ಬಿಸಿಲೊಂದೇ ಕಾರಣವಲ್ಲ. ಓರೆ ಬೆಳಕಿನಲ್ಲಿ ಒಂದೊಂದು ಗೋರಿಯ ನೆರಳೂ ಪಕ್ಕದ ಗೋರಿಯ ಮೇಲೆ ಬಿದ್ದು, ಸಾಲು ಸಾಲಾಗಿ ಎದ್ದು ಕಾಣುತ್ತದೆ. ಮಧ್ಯಾಹ್ನ ಹೋದರೆ ಎಲ್ಲ ಕಲ್ಲೂ ಒಂದೇ ಕಪ್ಪು ಹಾಸಾಗಿ ಸಾಲುಗಳ ಲೆಕ್ಕವೇ ಕಣ್ಣಿಗೆ ಹತ್ತುವುದಿಲ್ಲ. ಮೊದಲ ಸಲ ನನಗೆ "ಏನೂ ಇಲ್ಲ" ಅನ್ನಿಸಿದ್ದು ಅದಕ್ಕೇ.

ರಾತ್ರಿ ಹೋಗಬೇಡಿ. ದೆವ್ವದ ಮಾತು ಆಮೇಲೆ ಹೇಳುತ್ತೇನೆ. ರಾತ್ರಿ ಅಲ್ಲಿ ದೀಪವಿಲ್ಲ, ಹತ್ತಿರದಲ್ಲೇ ಬಾವಿ ಇದೆ, ಕಲ್ಲಿನ ಸಂದಿಗಳಲ್ಲಿ ಹಾವು ಇರುತ್ತವೆ, ಕುಡಿಯಲು ಕೂತವರೂ ಇರಬಹುದು. ಹೆಣ್ಣುಮಕ್ಕಳು ಹಗಲಲ್ಲೂ ಇಬ್ಬರು ಮೂವರಾಗಿ ಹೋಗುವುದು ಒಳ್ಳೆಯದು. ನಾನು ಒಬ್ಬಳೇ ಹೋಗಿಲ್ಲ.

ಚೀಲದಲ್ಲಿ

ಒಬ್ಬರಿಗೆ ಎರಡು ಲೀಟರ್ ನೀರು, ತಲೆಗೆ ಟವೆಲ್ಲೋ ಸೆರಗೋ, ಪಾದ ಮುಚ್ಚುವ ಬೂಟು, ಕೈಯಲ್ಲೊಂದು ಕೋಲು, ಚಾರ್ಜ್ ತುಂಬಿದ ಫೋನು. ಅಲ್ಲಿ ಅಂಗಡಿ ಸಿಗುತ್ತದೆ ಎಂದು ನಂಬಿ ಹೋಗಬೇಡಿ. ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿ, ಆದರೆ ಗೋರಿಗಳ ನಡುವೆ ಕೂತು ಉಣ್ಣಬೇಡಿ. ಹೊಲದ ಬದುವಿನ ಮರದ ಕೆಳಗೆ ಉಣ್ಣಿರಿ. ಒಂದು ಸಣ್ಣ ನೋಟ್‌ಬುಕ್ಕು, ಪೆನ್ನು ಇರಲಿ. ಯಾಕೆಂದು ಮುಂದೆ ಹೇಳುತ್ತೇನೆ.

ಹುಲ್ಲಿನಲ್ಲಿ ಕೋಲು ತಟ್ಟುತ್ತ ನಡೆಯಿರಿ, ಕಾಣದ ಸಂದಿಯಲ್ಲಿ ಕೈ ಹಾಕಬೇಡಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕಚ್ಚಿದ ಕೈಕಾಲನ್ನು ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ ಜಿಲ್ಲಾ ಆಸ್ಪತ್ರೆಗೆ ಹೋಗಿ. ಊರು ಹತ್ತಿರವೇ ಇದೆ.

ಕಟ್ಟೆ ಹತ್ತುವ ಮುನ್ನ

ಗೋರಿಗಳ ನಡುವೆ ಹೋಗುವ ಮುನ್ನ ಚಪ್ಪಲಿ, ಬೂಟು ಬಿಡಿ. ಮುಳ್ಳು ಹೆಚ್ಚಿದ್ದ ದಿನ ನಾನು ದಪ್ಪ ಸಾಕ್ಸ್ ಹಾಕಿಕೊಂಡು ಹೋಗಿದ್ದೇನೆ. ಇದು ನೋಡುವ ಜಾಗಕ್ಕಿಂತ ಮೊದಲು ಖಬರಸ್ತಾನ. ಮುಸ್ಲಿಂ ಬಂಧುಗಳು ಖಬರಸ್ತಾನಕ್ಕೆ ಕಾಲಿಡುವಾಗ ಮಲಗಿದವರಿಗೆ ಸಲಾಂ ಹೇಳುತ್ತಾರೆ, ಫಾತಿಹಾ ಓದುತ್ತಾರೆ. ನಿಮಗೆ ಅದು ಬಾರದಿದ್ದರೆ ಕೈ ಮುಗಿದು ಒಂದು ಗಳಿಗೆ ಸುಮ್ಮನೆ ನಿಲ್ಲಿ. ಯಾವ ಗೋರಿಯನ್ನೂ ದಾಟಬೇಡಿ, ಮೇಲೆ ಕೂರಬೇಡಿ, ಚೀಲ ಇಡಬೇಡಿ. ಸಾಲುಗಳ ನಡುವೆ ನಡೆಯಲು ಜಾಗವಿದೆ.

ಮುಸ್ಲಿಮರ ಗೋರಿ ನಮ್ಮ ಕಡೆ ಉತ್ತರ-ದಕ್ಷಿಣವಾಗಿ ಇರುತ್ತದೆ. ತಲೆ ಉತ್ತರಕ್ಕೆ, ಮುಖ ಪಶ್ಚಿಮಕ್ಕೆ, ಮಕ್ಕಾದ ಕಡೆ. ಆದ್ದರಿಂದ ದಕ್ಷಿಣದಿಂದ ಬಂದರೆ ನೀವು ಅವರ ಪಾದದ ಕಡೆಯಿಂದ ಬಂದ ಹಾಗೆ. ಹಿರಿಯರ ಮುಂದೆ ಹೋಗುವಾಗ ನಾವೂ ಪಾದದ ಕಡೆ ತಾನೆ ನಿಲ್ಲುತ್ತೇವೆ.

ಎಣಿಸುವುದು

ಇದೇ ಮುಖ್ಯ ಕೆಲಸ. ಉಳಿದದ್ದನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಒಂದು ತುದಿಯಿಂದ ಹಿಡಿದು ಸಾಲು ಸಾಲಾಗಿ ನಡೆಯುತ್ತ ಎಣಿಸಿ. ಪ್ರತಿ ಗೋರಿಯ ಮುಂದೆಯೂ ಒಂದು ಉಸಿರಿನಷ್ಟು ಹೊತ್ತು ನಿಲ್ಲಿ, ನೋಟ್‌ಬುಕ್ಕಿನಲ್ಲಿ ಒಂದು ಗೀಟು ಹಾಕಿ. ನಾಲ್ಕು ಸಾಲುಗಳಲ್ಲಿ ಹನ್ನೊಂದು ಹನ್ನೊಂದು, ಒಂದರಲ್ಲಿ ಐದು, ಎರಡರಲ್ಲಿ ಏಳೇಳು. ಕೂಡಿದರೆ 63. ಹೆಸರಿನಲ್ಲಿ ಅರವತ್ತು ಇದ್ದರೂ ಲೆಕ್ಕ ಅದಲ್ಲ. ತೆರೆದುಕೊಂಡಿರುವ ಖಾಲಿ ಗುಂಡಿಯನ್ನು ಸೇರಿಸಿದರೆ 64 ಎನ್ನುವವರಿದ್ದಾರೆ. ತಪ್ಪಿಸಿಕೊಂಡ ಹೆಂಡತಿಯ ಕತೆ ಹುಟ್ಟಿರುವುದು ಅಲ್ಲಿಂದಲೇ. ಕೆಲವು ಕಲ್ಲು ಒಡೆದಿವೆ, ಕೆಲವು ಜರಗಿವೆ. ಒಂದೆರಡು ಸಲ ಲೆಕ್ಕ ತಪ್ಪುತ್ತದೆ. ತಪ್ಪಿದರೆ ಮೊದಲಿಂದ ಶುರು ಮಾಡಿ.

ಎಣಿಸುವಾಗ ಗೋರಿಯ ಮೇಲ್ಭಾಗ ನೋಡಿ. ದಖ್ಖನಿನಲ್ಲಿ ಗಂಡಸರ ಗೋರಿಯ ಮೇಲೆ ಉದ್ದಕ್ಕೆ ಒಂದು ಏಣು ಎದ್ದಿರುತ್ತದೆ, ಕಲಂದಾನ್ ಎನ್ನುತ್ತಾರೆ, ಲೇಖನಿ ಇಡುವ ಪೆಟ್ಟಿಗೆಯ ಆಕಾರ. ಹೆಂಗಸರ ಗೋರಿಯ ಮೇಲು ಸಪಾಟು, ಬರೆಯುವ ಹಲಗೆಯಂತೆ. ಅದಕ್ಕೆ ತಖ್ತಿ ಎಂದು ಹೆಸರು. ಇಲ್ಲಿರುವವು ಸಪಾಟು. ಇಲ್ಲಿ ಮಲಗಿದವರು ಹೆಂಗಸರು ಎಂಬುದನ್ನು ಕತೆಯ ಹಂಗಿಲ್ಲದೆ ಕಲ್ಲೇ ಹೇಳುತ್ತದೆ.

ಆಮೇಲೆ ಅಳತೆ ನೋಡಿ. ಒಂದೇ ಬಗೆಯ ಕಲ್ಲು, ಒಂದೇ ಆಕಾರ, ನಡುವೆ ಒಂದೇ ಅಂತರ. ಒಂದು ಮನೆತನದಲ್ಲಿ ನೂರು ವರ್ಷದಲ್ಲಿ ಒಬ್ಬೊಬ್ಬರಾಗಿ ಸತ್ತಿದ್ದರೆ ಒಂದು ದೊಡ್ಡದು, ಒಂದು ಚಿಕ್ಕದು, ಮಗುವಿನದೊಂದು, ಮೂಲೆಯಲ್ಲಿ ಇಕ್ಕಟ್ಟಾಗಿ ಇನ್ನೊಂದು ಎಂದು ಇರುತ್ತಿತ್ತು. ಬೇರೆ ಯಾವ ಹಳೇ ಖಬರಸ್ತಾನ ನೋಡಿದರೂ ಹಾಗೇ ಇರುತ್ತದೆ. ಇದು ಹಾಗಿಲ್ಲ, ಒಬ್ಬರು ನಿಂತು ಅಳೆದು ಮಾಡಿಸಿದ ಹಾಗಿದೆ. ಒಂದೇ ಯೋಜನೆಯಲ್ಲಿ ಕಟ್ಟಿದ್ದಾರೆ ಎನ್ನುವಷ್ಟನ್ನು ಕಣ್ಣಾರೆ ಕಂಡು ಹೇಳಬಹುದು. ಒಂದೇ ದಿನ ಸತ್ತರು ಎನ್ನುವುದು ಅದರಿಂದ ಸಿದ್ಧವಾಗುವುದಿಲ್ಲ. ಆದರೆ ಕತೆ ಕಟ್ಟಿದವರು ಗಾಳಿಯಲ್ಲಿ ಕಟ್ಟಲಿಲ್ಲ, ಈ ಸಾಲುಗಳನ್ನು ನೋಡಿಯೇ ಕಟ್ಟಿದರು ಎಂದು ನನಗೆ ಅನ್ನಿಸಿದೆ.

ಎಣಿಸುತ್ತ ನೀವು ಒಂದು ಹೆಸರಿಗಾಗಿ ಹುಡುಕುತ್ತೀರಿ. ಸುಮಾರು ಮೂವತ್ತನೆಯ ಗೋರಿಯ ಹತ್ತಿರ ಬಂದಾಗ ನನಗೆ ಹಾಗಾಯಿತು. ಕಣ್ಣು ತಾನಾಗಿ ಅಕ್ಷರ ಹುಡುಕತೊಡಗಿತು. ಖಾನನ ಹೆಸರು, ಸುಲ್ತಾನನ ಹೆಸರು, ದಂಡೆತ್ತಿದ ವರ್ಷ, ಸತ್ತ ತಾರೀಖು ಎಲ್ಲ ನಮಗೆ ಗೊತ್ತು. ಇವರಲ್ಲಿ ಒಬ್ಬಳ ಹೆಸರೂ ನಮ್ಮ ಊರಿನ ಬಾಯಲ್ಲಿ ಉಳಿದಿಲ್ಲ. ಎಲ್ಲರಿಗೂ ಸೇರಿ ಒಂದು ಸಂಖ್ಯೆ, ಅದೂ ತಪ್ಪು ಸಂಖ್ಯೆ. ಅದಕ್ಕೇ ಸರಿಯಾಗಿ ಎಣಿಸಿ ಬನ್ನಿ ಎನ್ನುವುದು.

ಬಾವಿ

ಹತ್ತಿರದ ಬಾವಿಯನ್ನು ದೂರದಿಂದ ನೋಡಿ. ಹಳೇ ಬಾವಿಯ ದಂಡೆಯ ಕಲ್ಲು ನಂಬಬಾರದು, ಬುಡದ ಮಣ್ಣು ಕೊಚ್ಚಿಹೋಗಿ ಕಲ್ಲು ಮೇಲಷ್ಟೇ ನಿಂತಿರುತ್ತದೆ. ಬಗ್ಗಿ ಸೆಲ್ಫಿ ತೆಗೆಯಬೇಡಿ, ಕಲ್ಲು ಎಸೆಯಬೇಡಿ. ಮಕ್ಕಳಿದ್ದರೆ ಕೈ ಬಿಡಬೇಡಿ. ಮಕ್ಕಳಿಗೆ ಇಲ್ಲಿ ಯಾವ ಕತೆ ಹೇಳಬೇಕು ಎಂದು ಕೇಳುವವರಿದ್ದಾರೆ. ಹತ್ತು ವರ್ಷದೊಳಗಿನವರಿಗೆ "ಹಿಂದಿನ ಕಾಲದ ಅಜ್ಜಿಯಂದಿರು ಇಲ್ಲಿ ಮಲಗ್ಯಾರ" ಎಂದರೆ ಸಾಕು. ನಮ್ಮ ಅಕ್ಕನ ಮಗಳು ಅಷ್ಟು ಕೇಳಿ ತಾನೇ ದನಿ ಸಣ್ಣ ಮಾಡಿದಳು.

ಆ ಅಳುವ ದನಿ

ಒಮ್ಮೆ ಡಿಸೆಂಬರ್‌ನಲ್ಲಿ ಹೊರಡುವುದು ತಡವಾಗಿ, ಸಂಜೆ ಆರರ ಹೊತ್ತಿಗೂ ನಾವು ಅಲ್ಲೇ ಇದ್ದೆವು. ಗಾಳಿ ನಿಂತಿತ್ತು. ಬಾವಿಯ ಕಡೆಯಿಂದ ಹೊಟ್ಟೆಯೊಳಗಿಂದ ಬಂದಂಥ ಒಂದು ನರಳಾಟ ಕೇಳಿಸಿತು. ನಿಂತಿತು, ಮತ್ತೆ ಕೇಳಿಸಿತು. ನನ್ನ ಕೈಮೇಲೆ ಕೂದಲು ನಿಂತವು. ಪಕ್ಕದ ಹೊಲದಲ್ಲಿ ಕಣಕಿ ಕಟ್ಟುತ್ತಿದ್ದ ಮುದುಕರೊಬ್ಬರು ನಮ್ಮ ಮುಖ ನೋಡಿ ಕೂಗಿದರು: "ಯವ್ವಾ, ಅವು ಪಾರಿವಾಳ! ಬಾವ್ಯಾಗ ಗೂಡು ಕಟ್ಯಾವ, ಹೊತ್ತು ಮುಳುಗೂದಕ್ಕ ಬರ್ತಾವ." ಆಮೇಲೆ ಹತ್ತಿರ ಬಂದು, "ಆದ್ರೂ ಇನ್ನ ಮನೀಗೆ ನಡೀರಿ" ಎಂದರು.

ಅವರು ಹೇಳಿದ ಎರಡು ಮಾತೂ ಸರಿ ಎಂದೇ ನನಗೆ ಅನ್ನಿಸಿತು. ಆಳವಾದ ಕಲ್ಲಿನ ಬಾವಿಯೊಳಗೆ ಪಾರಿವಾಳ ಗುಟುರು ಹಾಕಿದರೆ ದನಿ ಗೋಡೆಗೆ ಬಡಿದು ದಪ್ಪವಾಗಿ ಮೇಲೆ ಬರುತ್ತದೆ. ಕಣಜ ಗೂಗಿಯ ಕೂಗಂತೂ ಹೆಂಗಸಿನ ಚೀರಾಟದ ಹಾಗೇ ಇರುತ್ತದೆ. ಪಾಳು ಗೋಡೆಗಳೇ ಅದರ ಮನೆ. ಹೊಲದಂಚಿನಲ್ಲಿ ನರಿ ಊಳಿಡುತ್ತದೆ. ಹಗಲೆಲ್ಲ ಕಾದ ಕರಿಕಲ್ಲು ಕತ್ತಲಾದ ಮೇಲೂ ಬಿಸಿ ಬಿಡುತ್ತಿರುತ್ತದೆ. ತಣ್ಣನೆ ಗಾಳಿಯಲ್ಲಿ ನಿಂತವರ ಕಾಲಿಗೆ ಫಕ್ಕನೆ ಬೆಚ್ಚನೆಯ ಉಸಿರು ತಾಗಿದ ಹಾಗಾಗುತ್ತದೆ. ಇವನ್ನು ತಿಳಿದು ಹೋದವರು ಹೆದರಿ ಓಡಿ ಬಾವಿಗೆ ಬೀಳುವುದಿಲ್ಲ.

ಆದರೆ ಪಾರಿವಾಳ ಎಂದು ಗೊತ್ತಾದ ಮೇಲೂ ನನ್ನ ಎದೆಯ ಭಾರ ಇಳಿಯಲಿಲ್ಲ. ಈ ಜಾಗದ ಭಯ ದೆವ್ವದಿಂದ ಬಂದದ್ದಲ್ಲ. ತನ್ನ ಸಾವಿನ ಸುದ್ದಿ ಕೇಳಿದ ಒಬ್ಬ ಗಂಡಸು ಮನೆಯ ಹೆಂಗಸರನ್ನೆಲ್ಲ ಮೊದಲು ಮುಗಿಸಿದ ಎಂಬ ಮಾತನ್ನು ನಂಬಲು ನಮಗೆ ಕಷ್ಟವೇ ಆಗುವುದಿಲ್ಲವಲ್ಲ, ಭಯ ಅಲ್ಲಿದೆ. ರಾತ್ರಿ ಕ್ಯಾಮೆರಾ ಹಿಡಿದು "ಆತ್ಮಗಳೇ, ಮಾತಾಡಿ" ಎಂದು ಕೂಗುವ ವಿಡಿಯೋಗಳನ್ನು ನೋಡಿದರೆ ನನಗೆ ನೋವಾಗುತ್ತದೆ. ದಯವಿಟ್ಟು ಅದನ್ನು ಮಾಡಬೇಡಿ. ನಿಂಬೆಹಣ್ಣು, ಕುಂಕುಮ ಚೆಲ್ಲಬೇಡಿ, ಕಲ್ಲಿನ ಮೇಲೆ ಊದುಬತ್ತಿ ಹಚ್ಚಬೇಡಿ, ಎಣ್ಣೆ ಸುರಿಯಬೇಡಿ. ಕರಿಕಲ್ಲಿಗೆ ಹತ್ತಿದ ಎಣ್ಣೆಯ ಕಲೆ ಹೋಗುವುದಿಲ್ಲ.

ಕಾಯ್ದೆ

ಗೋರಿ ಇರುವ ಜಾಗಕ್ಕೆ ನುಗ್ಗಿ ಅವಮಾನ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಮಿನಂತೆ ಅಪರಾಧ. ಒಂದು ವರ್ಷದವರೆಗೆ ಜೈಲು, ದಂಡ, ಅಥವಾ ಎರಡೂ ಆಗಬಹುದು. ಡ್ರೋನ್ ಹಾರಿಸಬೇಕಿದ್ದರೆ ಮೊದಲು ಅನುಮತಿ ಪಡೆಯಿರಿ. ಕಲ್ಲಿನ ಚೂರನ್ನೂ ಎತ್ತಿಕೊಂಡು ಬರಬೇಡಿ.

ಅಲ್ಲಿಂದ ಮುಂದೆ

ಒಂದೂವರೆ ಎರಡು ತಾಸು ಕಳೆದ ಮೇಲೆ, ಬಿಸಿಲು ಏರುವ ಮುನ್ನ, ಟಕ್ಕೆಯಲ್ಲೇ ಇರುವ ಅಫ್ಜಲ್ ಖಾನನ ಮಸೀದಿಗೂ ಅವನು ತನಗಾಗಿ ಕಟ್ಟಿಸಿಕೊಂಡ ಗೋರಿಗೂ ಹೋಗಿ. ಮಸೀದಿಗೆ ಎರಡು ಅಂತಸ್ತು, ಇದು ಅಪರೂಪ. ಗೋರಿಗೆ ಅವನ ದೇಹ ಬರಲೇ ಇಲ್ಲ. ಹೆಂಡಂದಿರ ಗೋರಿಗಳನ್ನು ನೋಡಿದ ಮೇಲೆ ಈ ಖಾಲಿ ಗೋರಿಯನ್ನು ನೋಡಬೇಕು, ಈ ಕ್ರಮ ತಿರುಗಿಸಬೇಡಿ.

ಊರೊಳಗೆ ವಾಪಸು ಬರುವಾಗ ಬಾರಾ ಕಮಾನ್ ಬಳಿ ನಿಲ್ಲಿ. ಖಾನನನ್ನು ದಂಡಿಗೆ ಕಳಿಸಿದ ಎರಡನೇ ಅಲಿ ಆದಿಲ್‌ಶಾಹ 1672ರಲ್ಲಿ ಸತ್ತಾಗ ಅವನ ಗೋರಿಯ ಕಟ್ಟಡ ಅರ್ಧಕ್ಕೇ ನಿಂತಿತ್ತು. ಇವತ್ತಿಗೂ ಛಾವಣಿಯಿಲ್ಲದ ಕಮಾನುಗಳೇ ಇವೆ.

ಗೋಳಗುಮ್ಮಟವನ್ನು ಕೊನೆಗಿಡಿ. ಪಿಸುಮಾತಿನ ಗ್ಯಾಲರಿಗೆ ಹತ್ತುವ ಮುನ್ನ ಕೆಳಗಿನ ಕಟ್ಟೆಯ ಮುಂದೆ ನಿಲ್ಲಿ. ಅಲ್ಲಿ ಕಾಣುವುದು ಗುರುತಿನ ಗೋರಿಗಳು, ನಿಜವಾದವು ಕೆಳಗಿನ ನೆಲಮಾಳಿಗೆಯಲ್ಲಿವೆ. ಮೊಹಮ್ಮದ್ ಆದಿಲ್‌ಶಾಹನ ಜೊತೆ ಅವನ ಹೆಂಡಂದಿರೂ, ರಂಭಾ ಎಂಬ ನರ್ತಕಿಯೂ ಮಲಗಿದ್ದಾರೆ. ರಂಭಾ ರಾಣಿಯಲ್ಲ. ಆದರೂ ಅವಳ ಹೆಸರು ಗೈಡುಗಳ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತದೆ. ಬೆಳಿಗ್ಗೆ 63 ಗೀಟು ಹಾಕಿ ಬಂದವರಿಗೆ ಆ ಹೆಸರು ಬೇರೆಯಾಗಿ ಕೇಳಿಸುತ್ತದೆ.

ಮನೆಗೆ ಬಂದ ಮೇಲೆ ನಮ್ಮಲ್ಲಿ ಕಾಲು ತೊಳೆಯದೆ ಒಳಗೆ ಬಿಡುವುದಿಲ್ಲ. ನಮ್ಮ ಅವ್ವ ಅಮಾಸಿ ದಿನ ಆ ಕಡೆ ತಲೆ ಹಾಕಬ್ಯಾಡ ಎಂದು ಈಗಲೂ ಹೇಳುತ್ತಾಳೆ, ನಾನೂ ಆ ದಿನ ಹೋಗುವುದಿಲ್ಲ. ಕಳೆದ ಸಲ ಹೋಗಿ ಬಂದಾಗ ಹೊಸ್ತಿಲಲ್ಲಿ ತಂಬಿಗೆಯಿಂದ ಕಾಲಿಗೆ ನೀರು ಸುರಿಯುತ್ತ, "ಎಷ್ಟ ಅದಾವ?" ಎಂದು ಕೇಳಿದಳು. "ಅರವತ್ಮೂರು" ಎಂದೆ. "ಖಾಲೀದು ಹಿಡದು?" ಎಂದಳು. ಅದನ್ನು ಬಿಟ್ಟು ಎಂದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, ತಂಬಿಗೆಯಲ್ಲಿ ಉಳಿದ ನೀರನ್ನು ತುಳಸಿಯ ಬುಡಕ್ಕೆ ಹಾಕಿ ಒಳಗೆ ಹೋದಳು.